ಸ್ಪೇನಿನ ಕೊಂಕಿಸ್ತದೋರರು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಂಕಿಸ್ತದೋರ್ ಅಂದರೆ ಯಾರು? ಸ್ಪೇನಿನ ಸೈನಿಕರೇ?

16ನೇ ಶತಮಾನದಲ್ಲಿ ಅಮೆರಿಕದ ನಾಡುಗಳನ್ನು ಗೆಲ್ಲಲು ಸ್ಪೇನಿನಿಂದ ಹೋದವರಿಗೆ ಈ ಹೆಸರು. ಪದದ ಅರ್ಥ 'ಗೆದ್ದವನು'. ಆದರೆ ಇವರನ್ನು ಸ್ಪೇನ್ ದೊರೆಯ ಸೈನ್ಯ ಎಂದುಕೊಂಡರೆ ಮುಂದಿನದೆಲ್ಲ ತಪ್ಪಾಗಿ ಅರ್ಥವಾಗುತ್ತದೆ. ದೊರೆ ಇವರಿಗೆ ಸಂಬಳ ಕೊಡುತ್ತಿರಲಿಲ್ಲ. ಕತ್ತಿ, ಕುದುರೆ, ಊಟ ಎಲ್ಲವೂ ಅವರವರದೇ. ಗೆದ್ದರೆ ಪಾಲು, ಸೋತರೆ ಸಾಲ. ಬಡಗಿ, ದರ್ಜಿ, ಕಮ್ಮಾರ, ಗುಮಾಸ್ತ, ನಾವಿಕ, ಆಸ್ತಿಯಲ್ಲಿ ಪಾಲು ಸಿಗದ ಕಿರಿಯ ಮಗ – ಇಂಥವರು ಸೇರಿ ಕಟ್ಟಿಕೊಂಡ ಪಾಲುದಾರಿಕೆಯ ತಂಡಗಳಿವು. ಸ್ಪ್ಯಾನಿಷಿನಲ್ಲಿ ಆ ತಂಡವನ್ನು 'ಕೊಂಪಾನಿಯಾ' ಎಂದೇ ಕರೆಯುತ್ತಿದ್ದರು. ಎಲ್ಲರೂ ಬಿಳಿಯರೂ ಅಲ್ಲ. ಮೆಕ್ಸಿಕೊದಲ್ಲಿ ಮೊದಲು ಗೋಧಿ ಬಿತ್ತಿದವನೆಂದು ದಾಖಲೆಯಲ್ಲಿ ಉಳಿದಿರುವ ಹ್ವಾನ್ ಗರ್ರೀದೊ ಆಫ್ರಿಕಾದಲ್ಲಿ ಹುಟ್ಟಿದವನು.

ಹೆಸರುಗಳನ್ನು ಕನ್ನಡದಲ್ಲಿ ಹೇಗೆ ಬರೆಯುವುದು ಸರಿ?

ಸ್ಪ್ಯಾನಿಷಿನಲ್ಲಿ ಹೆಸರಿನ ಮೊದಲಿಗೆ ಬರುವ 'H' ಅಕ್ಷರ ಉಚ್ಚಾರವಾಗುವುದಿಲ್ಲ. ಆದ್ದರಿಂದ ಮೆಕ್ಸಿಕೊ ಗೆದ್ದವನು ಎರ್ನಾನ್ ಕೊರ್ತೆಸ್. ಹಾಗೆಯೇ ಪೆರು ಗೆದ್ದವನು ಫ್ರಾನ್ಸಿಸ್ಕೊ ಪಿಸಾರೊ. ಇಂಗ್ಲಿಷ್ ದಾರಿಯಿಂದ ಬಂದ 'ಕಾರ್ಟೆಜ್', 'ಪಿಜಾರೋ' ರೂಪಗಳೂ ಕನ್ನಡದಲ್ಲಿ ಬಳಕೆಯಲ್ಲಿವೆ. 'ಅಜ್ಟೆಕ್' ಎಂಬುದು ನಂತರದವರು ರೂಢಿಗೆ ತಂದ ಹೆಸರು. ಮೆಕ್ಸಿಕೊದ ಸರೋವರವೊಂದರ ನಡುವೆ ಇದ್ದ ಅವರ ರಾಜಧಾನಿ ತೆನೊಚ್ತಿತ್ಲಾನ್ ನಗರದವರು ತಮ್ಮನ್ನು ಮೆಶಿಕಾ ಎಂದು ಕರೆದುಕೊಳ್ಳುತ್ತಿದ್ದರು. ಇಲ್ಲಿ ಅದನ್ನೇ ಬಳಸಿದ್ದೇವೆ.

ಒಂದು ದಂಡಯಾತ್ರೆ ಹೊರಡಬೇಕಾದರೆ ಏನೇನು ಆಗಬೇಕಿತ್ತು?

ಮೊದಲು ಕಾಗದ. 'ಕಪಿತುಲಾಸಿಯೋನ್' ಎಂಬ ಕರಾರು ಪತ್ರವಿಲ್ಲದೆ ಹೊರಟವನು ಕಾನೂನಿನ ಕಣ್ಣಲ್ಲಿ ದಂಗೆಕೋರ. ಪಿಸಾರೊ ಪೆರುವಿಗೆ ಪಡೆದ ಕರಾರು ತೊಲೆದೊ ನಗರದಲ್ಲಿ 1529ರ ಜುಲೈ 26ರಂದು ಆಯಿತು. ಸಹಿ ಹಾಕಿದ್ದು ರಾಣಿ ಇಸಾಬೆಲ್. ಅದರಲ್ಲಿ ಪಿಸಾರೊನಿಗೆ ರಾಜ್ಯಪಾಲನ ಹುದ್ದೆಯೂ ಇತ್ತು, ಸಂಬಳವೂ ಇತ್ತು. ಆದರೆ ಆ ಸಂಬಳ ಬರಬೇಕಾಗಿದ್ದದ್ದು ಇನ್ನೂ ಗೆಲ್ಲದ ನಾಡಿನ ಆದಾಯದಿಂದ. ಗೆಲ್ಲದಿದ್ದರೆ ಚಿಕ್ಕಾಸೂ ಇಲ್ಲ. ಈ ಒಂದು ಷರತ್ತು ಮನಸ್ಸಿನಲ್ಲಿದ್ದರೆ ಮುಂದೆ ಇವರು ಮಾಡಿದ ಅನೇಕ ಕೆಲಸಗಳ ಹಿಂದಿನ ಅವಸರ ಅರ್ಥವಾಗುತ್ತದೆ.

ಆಮೇಲೆ ಹಣ. ಪಿಸಾರೊ, ದಿಯೆಗೊ ದೆ ಅಲ್ಮಾಗ್ರೊ ಮತ್ತು ಲೂಕೆ ಎಂಬ ಪಾದ್ರಿ ಪಾಲುದಾರರಾಗಿ ಹಣ ಹೊಂದಿಸಿದರು. ಹಡಗು, ಹಾಯಿ, ಹಗ್ಗಗಳನ್ನು ವ್ಯಾಪಾರಿಗಳಿಂದ ಸಾಲದ ಮೇಲೆ ತರುತ್ತಿದ್ದರು.

ಜನ ಸೇರಿಸುವಾಗ ಪಾಲಿನ ಲೆಕ್ಕ ಹೇಳುತ್ತಿದ್ದರು. ಕಾಲಾಳಿಗೆ ಒಂದು ಪಾಲಾದರೆ ಕುದುರೆ ತಂದವನಿಗೆ ಹೆಚ್ಚು ಕಡಿಮೆ ಎರಡು. ಎಲ್ಲಕ್ಕೂ ಮೊದಲು ದೊರೆಯ ಐದನೇ ಒಂದು ಭಾಗ, ಅಂದರೆ ನೂರಕ್ಕೆ 20, ಎತ್ತಿಡಬೇಕು. ಅದನ್ನು ಎಣಿಸಲು ದೊರೆಯ ಕಡೆಯ ಲೆಕ್ಕಿಗ, ಎಲ್ಲವನ್ನೂ ಬರೆದಿಡಲು ಒಬ್ಬ ನೋಟರಿ ಜೊತೆಗಿರುತ್ತಿದ್ದರು.

ಊಟಕ್ಕೆ ಸ್ಪೇನಿನಿಂದ ಹೊರಟ ಹಡಗಿನಲ್ಲಿ ಎರಡು ಸಲ ಬೇಯಿಸಿ ಒಣಗಿಸಿದ ಗಟ್ಟಿ ಬಿಸ್ಕತ್ತು, ವೈನ್, ಉಪ್ಪು ಹಾಕಿದ ಮಾಂಸ. ಕ್ಯೂಬಾದಿಂದ ಹೊರಟವರು ಮರಗೆಣಸಿನ ರೊಟ್ಟಿ ತುಂಬಿಕೊಳ್ಳುತ್ತಿದ್ದರು. ಕಹಿ ಮರಗೆಣಸನ್ನು ತುರಿದು, ವಿಷದ ರಸ ಹಿಂಡಿ ತೆಗೆದು, ಹೆಂಚಿನ ಮೇಲೆ ಸುಟ್ಟ ಈ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಅದನ್ನು ಮಾಡಲು ಕಲಿಸಿದವರು ಆ ದ್ವೀಪಗಳ ತಾಯಿನೊ ಜನ. ಅಮೆರಿಕದ ಮೂಲನಿವಾಸಿಗಳ ಅಡುಗೆ ಇಲ್ಲದಿದ್ದರೆ ಅಮೆರಿಕದ ದಂಡಯಾತ್ರೆಗಳೇ ಇರುತ್ತಿರಲಿಲ್ಲ.

ದಾರಿಯಲ್ಲಿ ಹಡಗುಗಳಿಗೆ ಏನು ಕಾಟ?

ಬಿರುಗಾಳಿ ಎಲ್ಲರಿಗೂ ಗೊತ್ತು. ಅದಕ್ಕಿಂತ ಮೌನವಾದ ಶತ್ರು ಮರ ಕೊರೆಯುವ ಸಮುದ್ರದ ಹುಳು. ಕೆರಿಬಿಯನ್ನಿನ ಬೆಚ್ಚಗಿನ ನೀರಿನಲ್ಲಿ ಅದು ಹಡಗಿನ ತಳದ ಹಲಗೆಯನ್ನು ಜೇನುಗೂಡಿನಂತೆ ತೂತು ಮಾಡುತ್ತದೆ. ಕೊಲಂಬಸ್‌ನ ನಾಲ್ಕನೇ ಯಾನದ ಹಡಗುಗಳು ಹೀಗೆ ಜರಡಿಯಾಗಿ 1503ರಲ್ಲಿ ಜಮೈಕಾದ ದಡ ಹತ್ತಿದವು. ಅಲ್ಲಿ ಅವನು ಒಂದು ವರ್ಷ ಕಾಯಬೇಕಾಯಿತು.

ಕೊರ್ತೆಸ್‌ನ ಬಳಿ ಎಷ್ಟು ಜನ, ಎಷ್ಟು ಕುದುರೆ ಇದ್ದವು?

1519ರ ಫೆಬ್ರವರಿಯಲ್ಲಿ ಕ್ಯೂಬಾ ಬಿಟ್ಟಾಗ 11 ಹಡಗು. ದಂಡಿನಲ್ಲೇ ಇದ್ದ ಬೆರ್ನಾಲ್ ದಿಯಾಸ್ ಎಂಬ ಸೈನಿಕ ಮುಪ್ಪಿನಲ್ಲಿ ಬರೆದಿಟ್ಟ ಲೆಕ್ಕ ಹೀಗಿದೆ: ಸೈನಿಕರು 508, ನಾವಿಕರು ಸುಮಾರು 100, ಅಡ್ಡಬಿಲ್ಲುಗಾರರು 32, ಕೋವಿಯವರು 13, ಕಂಚಿನ ತೋಪು 10, ಸಣ್ಣ ತೋಪು 4, ಕುದುರೆ 16. ಒಂದೊಂದು ಕುದುರೆಯ ಬಣ್ಣ, ಒಡೆಯ, ಗುಣವನ್ನೂ ಅವನು ನೆನಪಿಟ್ಟು ಬರೆದಿದ್ದಾನೆ. ಒಂದು ಹೆಣ್ಣು ಕುದುರೆ ಹಡಗಿನಲ್ಲೇ ಮರಿ ಹಾಕಿತಂತೆ. ಕುದುರೆ ಅಷ್ಟು ದುಬಾರಿ, ಅಷ್ಟು ಅಪರೂಪ.

ಹೊರಡುವ ಮುನ್ನವೇ ಕ್ಯೂಬಾದ ರಾಜ್ಯಪಾಲ ದಿಯೆಗೊ ವೆಲಾಸ್ಕೆಸ್ ಕೊರ್ತೆಸ್‌ನ ಮೇಲೆ ನಂಬಿಕೆ ಕಳೆದುಕೊಂಡು ಅಪ್ಪಣೆ ಹಿಂತೆಗೆದುಕೊಂಡಿದ್ದ. ಕೊರ್ತೆಸ್ ಕಂಡುಕೊಂಡ ಉಪಾಯ ಕಾನೂನಿನದು. ದಡದಲ್ಲಿ ವೆರಾಕ್ರುಸ್ ಎಂಬ 'ಊರು' ಸ್ಥಾಪಿಸಿ, ತನ್ನವರನ್ನೇ ಅದರ ಪುರಸಭೆಗೆ ನೇಮಿಸಿ, ಆ ಪುರಸಭೆಯಿಂದ ನೇರವಾಗಿ ದೊರೆಯ ಹೆಸರಿನಲ್ಲಿ ತನ್ನನ್ನು ನಾಯಕನೆಂದು ಆರಿಸಿಕೊಂಡ.

ಅವನು ಹಡಗುಗಳನ್ನು ಸುಟ್ಟುಹಾಕಿದ ಕಥೆ ನಿಜವೇ?

ಸುಡಲಿಲ್ಲ. ದಡಕ್ಕೆ ಹತ್ತಿಸಿ ಕೆಡಿಸಿದ. ಅದಕ್ಕೂ ಮೊದಲು ಕಬ್ಬಿಣ, ಹಾಯಿ, ಹಗ್ಗ ಎಲ್ಲ ಬಿಚ್ಚಿ ಜೋಪಾನವಾಗಿ ಎತ್ತಿಡಿಸಿದ. ಎರಡು ವರ್ಷದ ನಂತರ ತೆನೊಚ್ತಿತ್ಲಾನ್ ನಗರ ಬಿದ್ದದ್ದಕ್ಕೆ ಈ ಸಾಮಾನೂ ಒಂದು ಕಾರಣ. ಕೆಳಗೆ ನೋಡಿ.

ಭಾಷೆಯೇ ಗೊತ್ತಿಲ್ಲದವರು ಮಾತುಕತೆ ನಡೆಸಿದ್ದು ಹೇಗೆ?

ಇಬ್ಬರ ಮೂಲಕ. 1511ರಲ್ಲಿ ಹಡಗು ಒಡೆದು ಯುಕತಾನ್ ದಡ ಸೇರಿದ್ದ ಹೆರೋನಿಮೊ ದೆ ಅಗಿಲಾರ್ ಎಂಟು ವರ್ಷ ಮಾಯಾ ಜನರ ನಡುವೆ ಇದ್ದು ಅವರ ಭಾಷೆ ಕಲಿತಿದ್ದ. 1519ರ ಮಾರ್ಚಿನಲ್ಲಿ ತಬಾಸ್ಕೊ ತೀರದ ಕಾಳಗ ಮುಗಿದ ಮೇಲೆ ಸೋತವರು 20 ಹೆಣ್ಣುಮಕ್ಕಳನ್ನು ಕಾಣಿಕೆಯಾಗಿ ಒಪ್ಪಿಸಿದರು. ಅವರಲ್ಲಿ ಒಬ್ಬಳು ಮಲಿಂತ್ಸಿನ್. ತಾಯ್ನುಡಿ ನಾವತ್ಲ್, ಜೀತಕ್ಕೆ ಮಾರಿದ ಮೇಲೆ ಕಲಿತದ್ದು ಮಾಯಾ. ಮೆಶಿಕಾ ದೂತ ನಾವತ್ಲ್‌ನಲ್ಲಿ ಹೇಳಿದ್ದನ್ನು ಆಕೆ ಮಾಯಾಕ್ಕೆ, ಅಗಿಲಾರ್ ಅದನ್ನು ಸ್ಪ್ಯಾನಿಷಿಗೆ ತಿರುಗಿಸುತ್ತಿದ್ದರು. ಉತ್ತರ ಅದೇ ದಾರಿಯಲ್ಲಿ ವಾಪಸು. ಸ್ವಲ್ಪ ದಿನದಲ್ಲೇ ಆಕೆ ಸ್ಪ್ಯಾನಿಷ್ ಕಲಿತಳು. ಅಗಿಲಾರ್ ಬೇಕಾಗಲಿಲ್ಲ.

ಮಲಿಂತ್ಸಿನ್ ಬರೀ ದುಭಾಷಿಯಲ್ಲ. ನಾವತ್ಲ್‌ನಲ್ಲಿ ಒಡೆಯರ ಮುಂದೆ ಆಡುವ ಗೌರವದ ಮಾತಿನ ರೀತಿಯೇ ಬೇರೆ, ಅದು ಆಕೆಗೆ ಬರುತ್ತಿತ್ತು. ಮೂಲನಿವಾಸಿಗಳೇ ಬರೆದ ಚಿತ್ರಗಳಲ್ಲಿ ಆಕೆ ಮತ್ತೆ ಮತ್ತೆ ನಡುವೆ ನಿಂತಿರುತ್ತಾಳೆ, ಕೆಲವೆಡೆ ಕೊರ್ತೆಸ್‌ಗಿಂತ ದೊಡ್ಡದಾಗಿ. ಮೆಕ್ಸಿಕೊದಲ್ಲಿ ಆಕೆಯ ಹೆಸರನ್ನು ದ್ರೋಹಕ್ಕೆ ಸಮಾನವಾಗಿ ಬಳಸುವ ರೂಢಿ ಇದೆ. ಅದು ಅನ್ಯಾಯ ಎಂಬುದು ನಮ್ಮ ನಿಲುವು. ಜೀತಕ್ಕೆ ಮಾರಲ್ಪಟ್ಟು, ಆಮೇಲೆ ಉಡುಗೊರೆಯಾಗಿ ದಾಟಿಸಲ್ಪಟ್ಟ ಹುಡುಗಿ ಯಾರಿಗೆ ನಿಷ್ಠೆಯಿಂದಿರಬೇಕಿತ್ತು?

ಕೊರ್ತೆಸ್‌ನನ್ನು ಮೆಶಿಕಾ ಜನ ದೇವರೆಂದು ನಂಬಿದ್ದರೇ?

ಕೊರ್ತೆಸ್ ದೊರೆಗೆ ಬರೆದ ಪತ್ರಗಳಲ್ಲಿ ಕೆತ್ಸಾಲ್ಕೊವಾತ್ಲ್ ದೇವರ ಹೆಸರೇ ಇಲ್ಲ. ಕೊರ್ತೆಸ್‌ನನ್ನು ಆ ದೇವರೆಂದು ನಂಬಿದರೆಂಬ ಕಥೆ ಗಟ್ಟಿಯಾಗಿ ಕಾಣಿಸಿಕೊಳ್ಳುವುದು ದಶಕಗಳ ನಂತರದ ಬರಹಗಳಲ್ಲಿ. ಮೆಶಿಕಾ ದೊರೆ ಮೊಕ್ತೆಸುಮಾ ದೂತರನ್ನು, ಗೂಢಚಾರರನ್ನು ಕಳಿಸಿದ, ಉಡುಗೊರೆ ಕೊಟ್ಟು ಹಿಂದಿರುಗಿಸಲು ನೋಡಿದ, ಕಡೆಗೆ 1519ರ ನವೆಂಬರ್ 8ರಂದು ಅತಿಥಿಗಳಾಗಿ ಒಳಗೆ ಬಿಟ್ಟುಕೊಂಡ. ಇದು ಅಪಾಯವನ್ನು ಅಳೆಯುತ್ತಿದ್ದ ರಾಜನ ನಡೆ. ಮುಗ್ಧ ಭಕ್ತನದಲ್ಲ.

ಕೋವಿ, ಕುದುರೆಗಳಿಂದಲೇ ಗೆದ್ದರು ಅನ್ನುತ್ತಾರೆ. ಸರಿಯೇ?

ಅರ್ಧ ಸರಿ. 13 ಬತ್ತಿಕೋವಿಗಳಿಂದ ಸಾಮ್ರಾಜ್ಯ ಬೀಳುವುದಿಲ್ಲ. ಒಂದು ಗುಂಡು ಹಾರಿಸಿ ಮತ್ತೆ ಮದ್ದು ತುಂಬುವಷ್ಟರಲ್ಲಿ ಎದುರಾಳಿಯ ಹತ್ತಾರು ಬಾಣ ಬಂದಿರುತ್ತದೆ. ಮಳೆ ಬಂದರೆ ಬತ್ತಿ ಆರುತ್ತದೆ. ಮದ್ದು ಮುಗಿದಾಗ ಗಂಧಕಕ್ಕಾಗಿ ಪೊಪೊಕಾತೆಪೆತ್ಲ್ ಜ್ವಾಲಾಮುಖಿ ಹತ್ತಿ, ಹೊಗೆಯಾಡುತ್ತಿದ್ದ ಬಾಯಿಯೊಳಕ್ಕೆ ಒಬ್ಬ ಮನುಷ್ಯನನ್ನು ಹಗ್ಗ ಕಟ್ಟಿ ನೂರಡಿಗೂ ಹೆಚ್ಚು ಆಳಕ್ಕೆ ಇಳಿಸಿದರು.

ನಿಜವಾಗಿ ಕೆಲಸ ಮಾಡಿದ್ದು ಉಕ್ಕಿನ ಕತ್ತಿ ಮತ್ತು ಬಯಲಿನಲ್ಲಿ ಓಡುವ ಕುದುರೆ. ಮೆಶಿಕಾ ಯೋಧರ ಆಯುಧದ ಅಂಚಿನಲ್ಲಿದ್ದ ಜ್ವಾಲಾಮುಖಿ ಗಾಜುಗಲ್ಲು ಕ್ಷೌರದ ಕತ್ತಿಯಷ್ಟು ಹರಿತ, ಆದರೆ ಉಕ್ಕಿಗೆ ಬಡಿದರೆ ಚೂರಾಗುತ್ತದೆ. ಬಟ್ಟೆಯ ವಿಷಯದಲ್ಲಿ ಮಾತ್ರ ಪಾಠ ತಿರುಗುಮುರುಗು: ಕೌದಿಯಂತೆ ಪದರ ಪದರ ಹೊಲಿದ ಹತ್ತಿಯ ಅಂಗಿ ಬಾಣ ತಡೆಯುತ್ತದೆ, ಸೆಕೆಯಲ್ಲಿ ಕಬ್ಬಿಣದ ಕವಚಕ್ಕಿಂತ ಹಗುರ ಎಂದು ಸ್ಪೇನಿನವರು ಅದನ್ನೇ ತೊಟ್ಟರು. ಮೆಶಿಕಾ ಜನರೂ ಕಲಿತರು. ಕಸಿದುಕೊಂಡ ಕತ್ತಿಗಳನ್ನು ಉದ್ದ ಕೋಲಿಗೆ ಕಟ್ಟಿ ಕುದುರೆಗಳಿಗೆ ಎದುರಾಗಿ ಹಿಡಿದರು.

ಪೆರುವಿನ ಬೆಟ್ಟದ ಕಣಿವೆಗಳಲ್ಲಂತೂ ಕುದುರೆ ನಿರುಪಯೋಗಿ. 1536ರಲ್ಲಿ ಮಾಂಕೊ ಇಂಕಾ ಬಂಡೆದ್ದಾಗ ಇಂಕಾ ಸೇನೆ ಮೇಲಿನಿಂದ ಬಂಡೆ ಉರುಳಿಸಿ, ನೆರವಿಗೆ ಹೊರಟಿದ್ದ ಸ್ಪೇನ್ ತುಕಡಿಗಳನ್ನು ಕಣಿವೆಯಲ್ಲೇ ಅಳಿಸಿಹಾಕಿತು.

ಹಾಗಾದರೆ ಗೆಲುವಿನ ಮುಖ್ಯ ಕಾರಣ?

ಸ್ಥಳೀಯ ಮಿತ್ರರು. ಈ ಪುಟದಿಂದ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಮೆಶಿಕಾ ಆಳ್ವಿಕೆಗೆ ಕಪ್ಪ ಕೊಟ್ಟು ಬೇಸತ್ತ ಸೆಂಪೊವಾಲಾ, ಎಂದೂ ತಲೆಬಾಗದೆ ಸುತ್ತುವರಿಯಲ್ಪಟ್ಟು ಉಪ್ಪು, ಹತ್ತಿಗೂ ಪರದಾಡುತ್ತಿದ್ದ ತ್ಲಾಷ್ಕಾಲಾ, ಕಡೆಗೆ ಮೆಶಿಕಾಗಳ ಹಳೆಯ ಜೊತೆಗಾರ ತೆಶ್ಕೊಕೊದ ಒಂದು ಬಣ – ಇವರು ಸೇರಿದ ಮೇಲೆ ಅದು 'ಸ್ಪೇನಿನ ಸೇನೆ'ಯಾಗಿ ಉಳಿಯಲಿಲ್ಲ. ನಗರದ ಮುತ್ತಿಗೆಯಲ್ಲಿ ಸ್ಪೇನಿನವರು ಒಂಬೈನೂರರ ಆಸುಪಾಸು. ಸ್ಥಳೀಯ ಮಿತ್ರರು ಹತ್ತಾರು ಸಾವಿರ.

ತ್ಲಾಷ್ಕಾಲಾದವರು ಕೊರ್ತೆಸ್‌ಗೆ ಸುಮ್ಮನೆ ಮಣಿಯಲಿಲ್ಲ. 1519ರ ಸೆಪ್ಟೆಂಬರಿನಲ್ಲಿ ಅವನ ಮೇಲೆ ಬಿದ್ದು ಹಲವು ದಿನ ಕಾದಾಡಿ, ಅವನ ಬಲ ಅಳೆದು, ಆಮೇಲೆ ತಮ್ಮ ಹಗೆ ತೀರಿಸಿಕೊಳ್ಳಲು ಇವನು ಉಪಯೋಗಕ್ಕೆ ಬರುತ್ತಾನೆಂದು ತೀರ್ಮಾನಿಸಿದರು. ಅವರ ಲೆಕ್ಕದಲ್ಲಿ ಅದು ಅವರ ಯುದ್ಧ. ಗೆದ್ದ ಮೇಲೂ ನಗರಕ್ಕೆ ಹಕ್ಕುಗಳನ್ನು ಕೇಳಿ ಚಿತ್ರಪಟ ಬರೆಸಿದರು, ದೊರೆಯ ಬಳಿಗೆ ನಿಯೋಗ ಕಳಿಸಿದರು.

ಮೊದಲ ಸಲ ನಗರದಿಂದ ಓಡಿಹೋದದ್ದು ಯಾಕೆ?

1520ರ ಮೇ ತಿಂಗಳಲ್ಲಿ ವೆಲಾಸ್ಕೆಸ್ ಕಳಿಸಿದ ನರ್ವಾಯೆಸ್‌ನ ದಂಡನ್ನು ಎದುರಿಸಲು ಕೊರ್ತೆಸ್ ಕರಾವಳಿಗೆ ಹೋಗಿದ್ದಾಗ, ನಗರದಲ್ಲಿ ಉಳಿದಿದ್ದ ಪೆದ್ರೊ ದೆ ಅಲ್ವರಾದೊ ತೊಶ್ಕಾತ್ಲ್ ಹಬ್ಬದಲ್ಲಿ ಕುಣಿಯುತ್ತಿದ್ದ ನಿರಾಯುಧರನ್ನು ಕೊಲ್ಲಿಸಿದ. ಊರಿಗೆ ಊರೇ ಎದ್ದಿತು. ಜೂನ್ 30ರ ರಾತ್ರಿ ಮಳೆಯಲ್ಲಿ ಸರೋವರ ದಾಟಿಸುವ ತ್ಲಾಕೊಪಾನ್ ಏರಿಯ ಮೇಲೆ ಓಡಿಹೋಗುವಾಗ ಕಾಲುವೆ ದಾಟಲು ಹೊತ್ತು ತಂದಿದ್ದ ಒಂದೇ ಮರದ ಸೇತುವೆ ಮೊದಲ ಕಂಡಿಯಲ್ಲೇ ಸಿಕ್ಕಿಕೊಂಡಿತು. ಮುಂದಿನ ಕಂಡಿಗಳಿಗೆ ಸೇತುವೆಯೇ ಇಲ್ಲ. ಚಿನ್ನ ಕಟ್ಟಿಕೊಂಡಿದ್ದವರು ಚಿನ್ನದ ಜೊತೆ ಮುಳುಗಿದರು. ಸ್ಪೇನಿನವರು ನೂರಾರು, ತ್ಲಾಷ್ಕಾಲಾದವರು ಅದಕ್ಕೂ ಹೆಚ್ಚು ಸತ್ತರು.

ನೀರಿನ ನಡುವಿನ ನಗರವನ್ನು ಎರಡನೇ ಸಲ ಹೇಗೆ ಮುತ್ತಿದರು?

ಒಂದೂವರೆ–ಎರಡು ಲಕ್ಷ ಜನವಿದ್ದರೆಂದು ಅಂದಾಜಿಸುವ ನಗರ, ಸುತ್ತ ಸರೋವರ, ದಡಕ್ಕೆ ಏರಿಗಳ ದಾರಿ, ಸಾವಿರಾರು ದೋಣಿ. ದೋಣಿಗಳನ್ನು ತಡೆಯದೆ ಊಟ ತಡೆಯಲಾಗುವುದಿಲ್ಲ. ಸಮುದ್ರದಿಂದ ದೂರ, ಎರಡು ಸಾವಿರ ಮೀಟರಿಗೂ ಎತ್ತರದಲ್ಲಿ, ಯುದ್ಧದ ಹಡಗು ಬೇಕಾಗಿತ್ತು.

ಮಾರ್ತಿನ್ ಲೋಪೆಸ್ ಎಂಬ ಹಡಗು ಬಡಗಿ ತ್ಲಾಷ್ಕಾಲಾದ ಬೆಟ್ಟದ ಮರ ಕಡಿಸಿ ಬ್ರಿಗಂಟೀನು ಎಂಬ 13 ಸಣ್ಣ ಹಡಗುಗಳಿಗೆ ಹಲಗೆ ಸಿದ್ಧ ಮಾಡಿಸಿದ. ಕೆಡಿಸಿದ ಹಡಗುಗಳಿಂದ ಎತ್ತಿಟ್ಟಿದ್ದ ಕಬ್ಬಿಣ, ಹಾಯಿ, ಹಗ್ಗ ವೆರಾಕ್ರುಸ್‌ನಿಂದ ಬಂತು. ಸಂದಿಗೆ ಮೆತ್ತಲು ಪೈನ್ ಮರದ ರಾಳ. ಅಲ್ಲಿನ ನದಿಗೆ ಅಡ್ಡಕಟ್ಟೆ ಹಾಕಿ ತೇಲಿಸಿ ನೋಡಿ, ಮತ್ತೆ ಬಿಚ್ಚಿದರು. ತ್ಲಾಷ್ಕಾಲಾದ ಸುಮಾರು 8,000 ಹಮಾಲರು ಹಲಗೆಗಳನ್ನು ಹೆಗಲ ಮೇಲೆ ಹೊತ್ತು ಬೆಟ್ಟ ದಾಟಿಸಿ ತೆಶ್ಕೊಕೊಗೆ ತಂದರು. ಅಲ್ಲಿ ಮತ್ತೆ ಜೋಡಿಸಿ, ಸರೋವರಕ್ಕೆ ಇಳಿಸಲು ಅರ್ಧ ಲೀಗ್ (ಎರಡು ಕಿಲೊಮೀಟರಿಗೂ ಹೆಚ್ಚು) ಉದ್ದದ ಕಾಲುವೆ ತೋಡಿದರು. ಅದಕ್ಕೆ 8,000 ಜನ 50 ದಿನ ದುಡಿದರೆಂದು ಕೊರ್ತೆಸ್ ಲೆಕ್ಕ ಕೊಟ್ಟಿದ್ದಾನೆ. 1521ರ ಏಪ್ರಿಲ್ 28ರಂದು ಹಡಗುಗಳು ನೀರಿಗಿಳಿದವು. ಒಂದೊಂದಕ್ಕೂ ಹುಟ್ಟು ಹಾಕುವವರು, ಬಿಲ್ಲುಗಾರರು, ಮೂತಿಯಲ್ಲಿ ಒಂದು ತೋಪು.

ಮೊದಲ ಪೆಟ್ಟು ಚಪುಲ್ತೆಪೆಕ್‌ನಿಂದ ನಗರಕ್ಕೆ ಹೋಗುತ್ತಿದ್ದ ಸಿಹಿನೀರಿನ ಕಾಲುವೆಗೆ. ಅದನ್ನು ಒಡೆದರು. ಆಮೇಲೆ ಏರಿಗಳ ಮೇಲೆ ದಿನಾ ಒಂದೇ ಕಥೆ: ಹಗಲು ಇವರು ಕಂಡಿಗಳನ್ನು ಮುಚ್ಚಿ ಮುಂದೆ ಹೋಗುವುದು, ರಾತ್ರಿ ಮೆಶಿಕಾ ಜನ ಮತ್ತೆ ತೋಡುವುದು. ಹಡಗುಗಳ ತಳ ಸಿಕ್ಕಿಕೊಳ್ಳಲೆಂದು ನೀರಿನಡಿ ಚೂಪು ಗೂಟ ನೆಟ್ಟರು. ಜೂನ್ ಕೊನೆಗೆ ಮುಚ್ಚದೆ ಬಿಟ್ಟ ಒಂದು ಕಂಡಿಯ ಬಳಿ ಸ್ಪೇನ್ ತುಕಡಿ ಸಿಕ್ಕಿಬಿದ್ದು ಹತ್ತಾರು ಮಂದಿ ಸೆರೆಯಾದರು. ಜೊತೆಗಾರರ ಕಣ್ಣೆದುರಿಗೇ ಅವರನ್ನು ಗುಡಿಯ ಮೇಲೆ ಬಲಿ ಕೊಟ್ಟರು. ಅಲ್ಲಿಂದ ಕೊರ್ತೆಸ್ ಒಂದೊಂದು ಮನೆಯನ್ನೂ ಕೆಡವಿಸಿ ಅದರ ಕಲ್ಲುಮಣ್ಣಿನಿಂದ ಕಾಲುವೆಗಳನ್ನು ತುಂಬಿಸುತ್ತಾ ಹೋದ. ಅವನೇ ಚೆಲುವೆಂದು ಹೊಗಳಿ ಬರೆದ ನಗರ ಹೀಗೆ ಮಣ್ಣಾಯಿತು. ಜನ ಹಲ್ಲಿ, ಹುಲ್ಲು, ಚರ್ಮ ತಿಂದರು, ಉಪ್ಪುನೀರು ಕುಡಿದರು. ಆಗಸ್ಟ್ 13ರಂದು ದೊರೆ ಕ್ವಾವ್ತೆಮೊಕ್ ದೋಣಿಯಲ್ಲಿ ಸೆರೆಸಿಕ್ಕ.

ಸಿಡುಬಿನ ಪಾತ್ರ ಎಷ್ಟು?

ತುಂಬ ದೊಡ್ಡದು. ನಮ್ಮಲ್ಲಿ 'ಅಮ್ಮ' ಎಂದು ಹೆದರಿ ಕರೆಯುತ್ತಿದ್ದ ಅದೇ ರೋಗ. 1518ರ ಕೊನೆಗೆ ಹಿಸ್ಪನಿಯೋಲಾ ದ್ವೀಪ ತಲುಪಿ, 1520ರಲ್ಲಿ ನರ್ವಾಯೆಸ್‌ನ ದಂಡಿನ ಜೊತೆ ಮೆಕ್ಸಿಕೊಗೆ ಬಂತು. ಸ್ಪೇನಿನವರಲ್ಲಿ ಬಹುಪಾಲು ಜನಕ್ಕೆ ಚಿಕ್ಕಂದಿನಲ್ಲೇ ಬಂದುಹೋಗಿರುತ್ತಿತ್ತು. ಇಲ್ಲಿ ಯಾರ ಮೈಗೂ ಅದರ ಪರಿಚಯವಿಲ್ಲ. ಆದ್ದರಿಂದ ಮುದುಕರು, ಮಕ್ಕಳು, ದುಡಿಯುವವರು ಎಲ್ಲ ಒಟ್ಟಿಗೇ ಹಾಸಿಗೆ ಹಿಡಿದರು. ರೋಗಕ್ಕಿಂತಲೂ ಕ್ರೂರವಾದದ್ದು ಇದು: ಮೆಕ್ಕೆಜೋಳ ಅರೆದು ರೊಟ್ಟಿ ಸುಡಲು, ಬಾಯಿಗೆ ನೀರು ಬಿಡಲು ಎದ್ದು ನಿಂತವರು ಒಬ್ಬರೂ ಇಲ್ಲದೆ ಎಷ್ಟೋ ಜನ ಹಸಿವಿನಿಂದ ಸತ್ತರು. ಮೊಕ್ತೆಸುಮಾನ ನಂತರ ಪಟ್ಟಕ್ಕೆ ಬಂದ ಕ್ವಿತ್ಲಾವಾಕ್ ಸುಮಾರು 80 ದಿನ ಆಳಿ ಸಿಡುಬಿಗೆ ಬಲಿಯಾದ. ತ್ಲಾಷ್ಕಾಲಾದ ಒಡೆಯ ಮಾಶಿಶ್ಕಾತ್ಸಿನ್ ಕೂಡ. ರೋಗ ಪಕ್ಷ ನೋಡಲಿಲ್ಲ.

1545 ಮತ್ತು 1576ರಲ್ಲಿ ಇನ್ನೂ ಭೀಕರವಾದ 'ಕೊಕೊಲಿಸ್ತ್ಲಿ' ಎಂಬ ರೋಗ ಬಂತು. ನೂರು ವರ್ಷದಲ್ಲಿ ಮಧ್ಯ ಮೆಕ್ಸಿಕೊದ ಮೂಲನಿವಾಸಿಗಳು ಹಿಂದಿನ ಸಂಖ್ಯೆಯ ಒಂದು ಸಣ್ಣ ಪಾಲಿಗೆ ಇಳಿದರು.

168 ಜನ ಇಂಕಾ ದೊರೆಯನ್ನು ಹಿಡಿದದ್ದು ಹೇಗೆ?

ಅಣ್ಣತಮ್ಮಂದಿರಾದ ಹುವಾಸ್ಕಾರ್, ಅತಾವಾಲ್ಪ ಸಿಂಹಾಸನಕ್ಕಾಗಿ ಹೊಡೆದಾಡಿ ನಾಡು ಆಗಲೇ ಇಬ್ಭಾಗವಾಗಿತ್ತು. ಗೆದ್ದ ಅತಾವಾಲ್ಪ ಕಹಮಾರ್ಕಾ ಬಳಿ ದೊಡ್ಡ ಸೇನೆಯೊಂದಿಗೆ ಬೀಡುಬಿಟ್ಟಿದ್ದ. 1532ರ ನವೆಂಬರ್ 16ರಂದು ಪಿಸಾರೊ ಅವನನ್ನು ಊರ ಚೌಕಕ್ಕೆ ಆಹ್ವಾನಿಸಿದ. 62 ಕುದುರೆ ಸವಾರರು, 106 ಕಾಲಾಳುಗಳು ಸುತ್ತಲಿನ ಕಟ್ಟಡಗಳಲ್ಲಿ ಅಡಗಿದ್ದರು. ದೊರೆ ಸಾವಿರಾರು ಪರಿವಾರದವರೊಂದಿಗೆ, ಯುದ್ಧಕ್ಕೆ ಸಜ್ಜಾಗದೆ ಪಲ್ಲಕ್ಕಿಯಲ್ಲಿ ಬಂದ. ವಾಲ್ವೆರ್ದೆ ಎಂಬ ಪಾದ್ರಿ ಧರ್ಮಗ್ರಂಥ ಕೊಟ್ಟು ಶರಣಾಗೆಂದ. ದೊರೆ ಅದನ್ನು ಎಸೆದ. ತೋಪು ಹಾರಿತು, ಕುದುರೆಗಳು ನುಗ್ಗಿದವು. ಇಕ್ಕಟ್ಟಿನ ಚೌಕದಿಂದ ಓಡಲು ದಾರಿಯಿಲ್ಲದೆ ಜನ ತುಳಿತಕ್ಕೇ ಸತ್ತರು. ಹೊರಗಿದ್ದ ಸೇನೆ ಯಾಕೆ ನುಗ್ಗಲಿಲ್ಲ? ಅಪ್ಪಣೆ ಕೊಡಬೇಕಾದವನೇ ಶತ್ರುವಿನ ಕೈಯಲ್ಲಿದ್ದ.

ಕೊಳ್ಳೆಯಲ್ಲಿ ಸಾಮಾನ್ಯ ಸೈನಿಕನಿಗೆ ಎಷ್ಟು ಸಿಕ್ಕಿತು?

ಮೆಕ್ಸಿಕೊದಲ್ಲಿ ಬಹಳ ಕಮ್ಮಿ. ದೊರೆಯ ಪಾಲು, ಕೊರ್ತೆಸ್‌ನ ಪಾಲು, ಸಾಲ, ಖರ್ಚು ಎಲ್ಲ ಕಳೆದ ಮೇಲೆ ಒಬ್ಬೊಬ್ಬನಿಗೆ ಐವತ್ತು–ಅರವತ್ತು ಪೆಸೊ ಬರುವಂತಿತ್ತು. ಆಗಿನ ಬೆಲೆ: ಕತ್ತಿ 50 ಪೆಸೊ, ಅಡ್ಡಬಿಲ್ಲು 50–60, ಕೋವಿ 100, ಕುದುರೆ 800ರಿಂದ 1,000. ಎರಡು ವರ್ಷದ ಯುದ್ಧಕ್ಕೆ ಒಂದು ಕತ್ತಿಯ ಬೆಲೆ. ಸಿಟ್ಟಿಗೆದ್ದವರು ಇನ್ನೂ ಚಿನ್ನ ಅಡಗಿಸಿದ್ದಾರೆಂದು ಕ್ವಾವ್ತೆಮೊಕ್‌ನ ಕಾಲಿಗೆ ಎಣ್ಣೆ ಹಚ್ಚಿ ಸುಟ್ಟರು.

ಪೆರುವಿನಲ್ಲಿ ತದ್ವಿರುದ್ಧ. ಅತಾವಾಲ್ಪ ಬಿಡುಗಡೆಗಾಗಿ ಸುಮಾರು 22 ಅಡಿ ಉದ್ದ, 17 ಅಡಿ ಅಗಲದ ಕೋಣೆಯಲ್ಲಿ ಗೋಡೆಯ ಮೇಲಿನ ಗೆರೆಯವರೆಗೆ ಒಮ್ಮೆ ಚಿನ್ನ, ಎರಡು ಸಲ ಬೆಳ್ಳಿ ತುಂಬಿಸುವುದಾಗಿ ಮಾತು ಕೊಟ್ಟ. ಹೂಜಿ, ತಟ್ಟೆ, ಗುಡಿಯ ಗೋಡೆಯ ತಗಡು ಎಲ್ಲವನ್ನೂ ಇಂಕಾ ಅಕ್ಕಸಾಲಿಗರ ಕೈಯಲ್ಲೇ ಕರಗಿಸಿದರು. ಸುಮಾರು 6,000 ಕಿಲೊ ಚಿನ್ನ, ಅದರ ಇಮ್ಮಡಿಯಷ್ಟು ಬೆಳ್ಳಿ. ಒಬ್ಬ ಸವಾರನಿಗೆ 40 ಕಿಲೊ ಚಿನ್ನ, 80 ಕಿಲೊ ಬೆಳ್ಳಿಯ ಆಸುಪಾಸು. ಕಾಲಾಳಿಗೆ ಅದರಲ್ಲಿ ಅರ್ಧದಷ್ಟು. ಮಾತು ಉಳಿಸಿಕೊಂಡ ದೊರೆಯನ್ನು 1533ರ ಜುಲೈಯಲ್ಲಿ ಕತ್ತು ಬಿಗಿದು ಕೊಂದರು. ಕರಗಿಹೋದ ಆ ಕೆಲಸಗಾರಿಕೆಯ ನಷ್ಟಕ್ಕೆ ಬೆಲೆ ಕಟ್ಟಲಾಗುವುದಿಲ್ಲ.

'ರೆಕೆರಿಮಿಯೆಂತೊ' ಎಂದರೇನು?

1513ರಲ್ಲಿ ಪಲಾಸಿಯೋಸ್ ರೂಬಿಯೋಸ್ ಎಂಬ ನ್ಯಾಯಶಾಸ್ತ್ರಿ ಸಿದ್ಧಪಡಿಸಿದ ಘೋಷಣೆ. ಪೋಪ್ ಈ ನೆಲವನ್ನು ಸ್ಪೇನ್ ದೊರೆಗೆ ಕೊಟ್ಟಿದ್ದಾರೆ, ಒಪ್ಪಿದರೆ ಸರಿ, ಒಪ್ಪದಿದ್ದರೆ ಯುದ್ಧ, ಜೀತ, ಅದರ ಪಾಪ ನಿಮ್ಮದೇ ಎಂಬುದು ಸಾರ. ದಾಳಿಗೆ ಮೊದಲು ಇದನ್ನು ಓದಿ, ಓದಿದ್ದಕ್ಕೆ ನೋಟರಿಯ ಸಹಿ ಪಡೆಯಬೇಕು. ಕೇಳುವವರಿಗೆ ಆ ಭಾಷೆ ಗೊತ್ತೇ ಎಂದು ಯಾರೂ ನೋಡುತ್ತಿರಲಿಲ್ಲ.

ಇದನ್ನು ವಿರೋಧಿಸಿದ ಸ್ಪೇನಿನವರು ಇರಲಿಲ್ಲವೇ?

ಇದ್ದರು. 1511ರ ಡಿಸೆಂಬರಿನಲ್ಲಿ ಹಿಸ್ಪನಿಯೋಲಾದ ಚರ್ಚಿನಲ್ಲಿ ಅಂತೋನಿಯೊ ದೆ ಮೊಂತೆಸಿನೋಸ್ ಎಂಬ ಪಾದ್ರಿ, ಈ ಮೂಲನಿವಾಸಿಗಳು ಮನುಷ್ಯರಲ್ಲವೇ ಎಂದು ಒಡೆಯರ ಮುಖಕ್ಕೇ ಕೇಳಿದರು. ಸ್ವತಃ ಜೀತದಾಳುಗಳನ್ನು ಇಟ್ಟುಕೊಂಡಿದ್ದ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಅದನ್ನು ಬಿಟ್ಟುಕೊಟ್ಟು ಐವತ್ತು ವರ್ಷ ಹೋರಾಡಿದರು. 1542ರ ಹೊಸ ಕಾನೂನುಗಳಲ್ಲಿ ಅವರ ಒತ್ತಾಯದ ಗುರುತಿದೆ. ಪೆರುವಿನ ಒಡೆಯರು ಆ ಕಾನೂನಿನ ವಿರುದ್ಧ ದಂಗೆಯೆದ್ದು ವೈಸರಾಯನನ್ನೇ ಕೊಂದರು.

ಗೆದ್ದ ಮೇಲೆ ನೆಲವನ್ನು ಹಂಚಿಕೊಂಡರೇ?

ನೆಲಕ್ಕಿಂತ ಮೊದಲು ಜನರನ್ನು. 'ಎಂಕೊಮಿಯೆಂದಾ' ಪದ್ಧತಿಯಲ್ಲಿ ಇಂತಿಷ್ಟು ಹಳ್ಳಿಗಳ ಕಪ್ಪ ಮತ್ತು ಬಿಟ್ಟಿ ಚಾಕರಿ ಒಬ್ಬ ಕೊಂಕಿಸ್ತದೋರನಿಗೆ. ಬದಲಿಗೆ ಅವರಿಗೆ ಕ್ರೈಸ್ತಧರ್ಮ ಕಲಿಸಬೇಕು. ನಮ್ಮ ಉಂಬಳಿಗೆ ಹೋಲಿಸುವುದು ತಪ್ಪು, ನೆಲದ ಒಡೆತನ ಇದರಲ್ಲಿ ಸೇರಿರಲಿಲ್ಲ. ಮುಂದೆ 1545ರಲ್ಲಿ ಇಂದಿನ ಬೊಲಿವಿಯಾದ ಪೊತೊಸಿಯ ಬೆಳ್ಳಿ ಬೆಟ್ಟ ಸಿಕ್ಕಿತು. 1573ರಿಂದ 'ಮಿತಾ' ಎಂಬ ಸರದಿಯ ದುಡಿಮೆಗೆ ವರ್ಷಕ್ಕೆ ಸುಮಾರು 13,000 ಗಂಡಸರನ್ನು, ನಾಲ್ಕು ಸಾವಿರ ಮೀಟರಿಗೂ ಮೇಲಿನ ಆ ಚಳಿಗೆ ಎಳೆದೊಯ್ದರು.

ಎಲ್ಲ ದಂಡಯಾತ್ರೆಗಳೂ ಗೆದ್ದವೇ?

ಸೋತವೇ ಹೆಚ್ಚು. 1528ರಲ್ಲಿ ಫ್ಲಾರಿಡಾದ ಒಳನಾಡಿಗೆ ಹೊರಟ ನರ್ವಾಯೆಸ್‌ನ ಸುಮಾರು 300 ಜನರಲ್ಲಿ ಎಂಟು ವರ್ಷದ ನಂತರ ಮೆಕ್ಸಿಕೊ ತಲುಪಿದ್ದು ನಾಲ್ವರು, ಅವರಲ್ಲಿ ಎಸ್ತೆವಾನಿಕೊ ಎಂಬ ಆಫ್ರಿಕಾದವನೊಬ್ಬ. ಚಿನ್ನ ಹುಡುಕುತ್ತ ಅಲೆದ ದೆ ಸೊತೊ 1542ರಲ್ಲಿ ಮಿಸಿಸಿಪ್ಪಿ ದಡದಲ್ಲಿ ಸತ್ತ. ಚಿಲಿಯಲ್ಲಿ ಮಪುಚೆ ಜನ 1553ರಲ್ಲಿ ಅಲ್ಲಿನ ಸ್ಪೇನ್ ರಾಜ್ಯಪಾಲ ವಾಲ್ದೀವಿಯಾನನ್ನು ಕೊಂದರು. 1641ರಲ್ಲಿ ಸ್ಪೇನ್ ಅವರೊಂದಿಗೆ ಒಪ್ಪಂದಕ್ಕೆ ಇಳಿಯಿತು. ಮಾಯಾ ಜನರ ಕೊನೆಯ ರಾಜಧಾನಿ ನೊಹ್‌ಪೆತೆನ್ ಬಿದ್ದದ್ದು 1697ರಲ್ಲಿ.

ಇದೇ ಕಾಲದಲ್ಲಿ ವಿಜಯನಗರವಿತ್ತು. ಪೋರ್ಚುಗೀಸರು ಇಲ್ಲಿ ಹಾಗೆ ಮಾಡಲಿಲ್ಲವೇಕೆ?

ಮೆಶಿಕಾ ನಗರ ದಂಗೆಯೆದ್ದ 1520ರಲ್ಲೇ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದ. ಕೋಟೆ ಗೋಡೆಯ ಮೇಲಿದ್ದವರನ್ನು ಗುರಿಯಿಟ್ಟು ಹೊಡೆದ ಕೋವಿಯವರಲ್ಲಿ ಪೋರ್ಚುಗೀಸರೂ ಇದ್ದರು. ಆದರೆ ರಾಯನ ಕೈಕೆಳಗೆ. ವ್ಯತ್ಯಾಸ ಸ್ಪಷ್ಟ: ಉಕ್ಕು, ಕುದುರೆ, ಮದ್ದುಗುಂಡು ಇಲ್ಲಿ ಮೊದಲೇ ಇದ್ದವು. ಸಿಡುಬು ಕೂಡ ಹಳೆಯದೇ. ಹೊರಗಿನವರು ಇಲ್ಲಿಗೆ ಮಾರಲು ತಂದದ್ದೇ ಕುದುರೆ. ಗೋವೆ 1510ರಲ್ಲಿ ಕೈಸೇರಿದರೂ ಅವರ ಬಲ ಕಡಲಂಚಿನ ಕೋಟೆಗಳಿಗೆ ಸೀಮಿತವಾಯಿತು.

ನಮ್ಮ ಅಡುಗೆಮನೆಗೆ ಅಲ್ಲಿಂದ ಬಂದದ್ದೇನು?

ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ, ಮೆಕ್ಕೆಜೋಳ, ಕಡಲೆಕಾಯಿ, ಗೆಣಸು, ಗೋಡಂಬಿ, ಪರಂಗಿ, ಸೀಬೆ, ಸೀತಾಫಲ, ಅನಾನಸು, ಹೊಗೆಸೊಪ್ಪು. ಹೆಸರುಗಳಲ್ಲೇ ದಾರಿ ಕಾಣುತ್ತದೆ. ಖಾರದ ಹೊಸ ಕಾಯಿಗೆ ನಾವು ಕರಿಮೆಣಸಿನ ಹೆಸರನ್ನೇ ಇಟ್ಟು ಮೆಣಸಿನಕಾಯಿ ಎಂದೆವು. ಸ್ಪೇನಿನವರೂ ತಮ್ಮ 'ಪಿಮಿಯೆಂತಾ', ಅಂದರೆ ಕರಿಮೆಣಸಿನಿಂದ 'ಪಿಮಿಯೆಂತೊ' ಮಾಡಿಕೊಂಡರು. ಪರಂಗಿಯವರು ತಂದದ್ದು ಪರಂಗಿ ಹಣ್ಣು. ಸಪೋಟ ನಾವತ್ಲ್‌ನ 'ತ್ಸಪೊತ್ಲ್', ಟೊಮ್ಯಾಟೊ 'ತೊಮಾತ್ಲ್'. ಮಲಿಂತ್ಸಿನ್ ಆಡುತ್ತಿದ್ದ ಭಾಷೆಯ ಪದಗಳು ನಮ್ಮ ಸಂತೆಯ ತಕ್ಕಡಿಯ ಪಕ್ಕದಲ್ಲಿ ದಿನಾ ಕೇಳಿಸುತ್ತವೆ.

ಸೋಮನಾಥಪುರದ ಶಿಲ್ಪಗಳ ಕೈಯಲ್ಲಿ ಮೆಕ್ಕೆಜೋಳದ ತೆನೆ ಇದೆಯಲ್ಲ?

13ನೇ ಶತಮಾನದ ಆ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ತೆನೆಯಂತೆ ಕಾಣುತ್ತದೆ ನಿಜ. ಕೊಲಂಬಸ್‌ಗೂ ಮೊದಲೇ ಮೆಕ್ಕೆಜೋಳ ಬಂದಿತ್ತೆಂದು ಕೆಲವು ವಿದ್ವಾಂಸರು ಇದರಿಂದ ವಾದಿಸಿದ್ದಾರೆ. ಮುತ್ತು ಪೋಣಿಸಿದಂಥ 'ಮುಕ್ತಾಫಲ' ಎಂಬ ಕಲ್ಪನೆಯ ಹಣ್ಣು ಅದು ಎಂಬುದು ಎದುರು ವಾದ. ನಮ್ಮ ಒಲವು ಎರಡನೆಯದರ ಕಡೆಗೆ. ಹೋಲಿಕೆಯೊಂದರಿಂದಲೇ ಬೆಳೆಯ ಇತಿಹಾಸ ಬರೆಯಲಾಗದು, ಕಾಲ ನಿಗದಿಯಾದ ಕಾಳು ಅಥವಾ ದಿಂಡು ಬೇಕು.

ತೆನೊಚ್ತಿತ್ಲಾನ್ ಇಂದು ನೋಡಲು ಉಳಿದಿದೆಯೇ?

ಮೆಕ್ಸಿಕೊ ನಗರದ ಕೆಳಗೆ ಇದೆ. 1978ರ ಫೆಬ್ರವರಿಯಲ್ಲಿ ವಿದ್ಯುತ್ ಕಂಪನಿಯ ಕೆಲಸಗಾರರು ಅಗೆಯುವಾಗ ಕೊಯೊಲ್ಶಾವ್ಕಿ ದೇವಿಯ ದೊಡ್ಡ ದುಂಡುಕಲ್ಲು ಸಿಕ್ಕಿ, ಅಲ್ಲಿಂದ ಮುಖ್ಯ ಗುಡಿಯ ಉತ್ಖನನ ಶುರುವಾಯಿತು. ಅದರ ಪಕ್ಕದಲ್ಲೇ ಕೆಥೆಡ್ರಲ್. ದಕ್ಷಿಣದ ಸೊಚಿಮಿಲ್ಕೊದಲ್ಲಿ ಸರೋವರದ ತುಣುಕೂ ನೀರಿನ ನಡುವಿನ ತೋಟಗಳೂ ಇನ್ನೂ ಇವೆ. ಮಾನವಶಾಸ್ತ್ರ ಸಂಗ್ರಹಾಲಯದಲ್ಲಿ ಒಂದು ಚಿನ್ನದ ಗಟ್ಟಿ ಇದೆ. ತೂಕ 1.93 ಕಿಲೊ, ಬಾಗಿದ ಪಟ್ಟಿ. 1981ರಲ್ಲಿ ಕಟ್ಟಡದ ಪಾಯ ತೋಡುವಾಗ, ಸೈನಿಕರು ಆ ಮಳೆಯ ರಾತ್ರಿ ಓಡಿಹೋದ ದಾರಿಯಲ್ಲೇ, ಹಳೆಯ ಕಾಲುವೆಯ ಕೆಸರಿನಲ್ಲಿ ಸಿಕ್ಕಿದ್ದು.